ಗೋಡೆ ಬಿರುಕು ಬಿಟ್ಟ ದಿನ ನಾವು ಮೊದಲು ಓದಬೇಕಾಗಿದ್ದ ಕಾಗದ

(ಗಡಿ ತಾಲೂಕುಗಳ ಯುವಕ ಯುವತಿಯರ ಸಭೆಯಲ್ಲಿ ನಮ್ಮ ಬಳಗದ ಪರವಾಗಿ ಆಡಿದ ಮಾತಿನ ಬರಹರೂಪ)



ಮಂಜೇಶ್ವರ, ಕಾಸರಗೋಡಿನವರು ಇದ್ದೀರಿ. ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತ, ಆದೋನಿ, ಮಡಕಶಿರಾ ಕಡೆಯವರೂ ಇದ್ದೀರಿ. ಇಂಥ ಸಭೆಯಲ್ಲಿ ನಾವು ಸಾಮಾನ್ಯವಾಗಿ ಶಾಲೆಯ ಬಗ್ಗೆ, ಊರಿನ ಬೋರ್ಡಿನ ಬಗ್ಗೆ, ಕನ್ನಡ ಬಾರದ ಮೇಷ್ಟ್ರ ನೇಮಕದ ಬಗ್ಗೆ ಮಾತಾಡ್ತೇವೆ. ಇವತ್ತು ಒಂದು ಅಡುಗೆಮನೆಯ ಗೋಡೆಯ ಬಗ್ಗೆ ಮಾತಾಡ್ತೇವೆ. ಇದೆಂತ ವಿಷಯ ಮಾರಾಯ್ರೆ ಅಂತ ಕೆಲವರು ಮುಖ ಮುಖ ನೋಡಿಕೊಳ್ತಾ ಇದ್ದೀರಿ. ಸ್ವಲ್ಪ ತಾಳ್ಮೆಯಿಂದ ಕೇಳಿ. ನಿಮ್ಮಲ್ಲಿ ಅರ್ಧದಷ್ಟು ಜನರ ಮನೆಯಲ್ಲಿ ಈಗ ಏನಾದರೊಂದು ಕೆಲಸ ನಡೀತಾ ಇರಬಹುದು, ಇಲ್ಲವೇ ಮುಂದಿನ ವರ್ಷ ನಡೆಯಬಹುದು. ಆಗ ಈ ಮಾತು ಉಪಯೋಗಕ್ಕೆ ಬರುತ್ತದೆ.

ನಮ್ಮ ಊರಿನಲ್ಲಿ ಒಬ್ಬ ಅಕ್ಕ ಇದ್ದಾರೆ. ಹೆಸರು ಬೇಡ, ಅಕ್ಕ ಅಂತಲೇ ಹೇಳ್ತೇವೆ. ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸಿದವರು. ಅವರದ್ದು ಮೂವತ್ತು ವರ್ಷದ ಹಿಂದಿನ ಕೆಂಪುಕಲ್ಲಿನ ಮನೆ, ಮೇಲೆ ಕಾಂಕ್ರೀಟ್ ತಾರಸಿ. ಮಗಳ ಮದುವೆ ನಿಶ್ಚಯವಾಯ್ತು. ಬಂದು ಹೋಗುವವರಿಗೆ ಜಾಗ ಬೇಕು ಅಂತ ತಾರಸಿಯ ಒಂದು ಬದಿಗೆ ಒಂದು ಕೋಣೆ, ಒಂದು ಬಚ್ಚಲು ಕಟ್ಟಿಸುವುದು ಅಂತ ತೀರ್ಮಾನ ಮಾಡಿದರು. ಸಹಕಾರಿ ಬ್ಯಾಂಕಿನಿಂದ ಸಾಲ, ಮಗ ಮಂಗಳೂರಿನಲ್ಲಿ ದುಡಿದದ್ದು ಸ್ವಲ್ಪ, ಚಿನ್ನ ಅಡವಿಟ್ಟದ್ದು ಸ್ವಲ್ಪ. ಒಟ್ಟು 6,50,000 ರೂಪಾಯಿಗೆ ಕಂಟ್ರಾಕ್ಟ್. ಸಾಮಾನು, ಕೂಲಿ ಎಲ್ಲ ಸೇರಿ.

ಫೆಬ್ರವರಿಯಲ್ಲಿ ಕೆಲಸ ಶುರುವಾಯ್ತು. ಪತ್ತನಾಜೆ ಕಳೆಯುವ ಮೊದಲು ಮೇಲಿನ ಸ್ಲ್ಯಾಬು ಆಗಬೇಕು, ಇಲ್ಲದಿದ್ರೆ ಮಳೆ ಹಿಡಿಯುತ್ತದೆ ಅಂತ ಎಲ್ಲರಿಗೂ ಅವಸರ. ಹಳೆ ತಾರಸಿಯ ಕೈಗೋಡೆ ಒಡೆಯಬೇಕಿತ್ತು. ಕೈಯಲ್ಲಿ ಒಡೆದರೆ ನಾಲ್ಕು ದಿನ, ಬ್ರೇಕರ್ ಮಷೀನು ಹಚ್ಚಿದರೆ ಒಂದೇ ದಿನ. ಮಷೀನು ಬಂತು. ಆ ಕೈಗೋಡೆಯ ನೇರ ಕೆಳಗೆ ಅಡುಗೆಮನೆಯ ಗೋಡೆ.

ಅಡುಗೆಮನೆಯ ಕಿಟಕಿಯ ಮೂಲೆಯಿಂದ ಒಂದು ಬಿರುಕು ಓರೆಯಾಗಿ ಮೇಲಕ್ಕೆ ಹತ್ತಿತು. ಹೊರಗಿನ ಸನ್‌ಶೇಡಿನ ಒಂದು ತುಂಡು ಕೆಳಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಜೂನಿನಲ್ಲಿ ಮಳೆ ಜೋರಾದಾಗ ಇನ್ನೊಂದು ಗೊತ್ತಾಯ್ತು. ಉಳಿದ ಹಳೆ ತಾರಸಿಯ ನೀರು ಹೋಗುವ ಪೈಪಿನ ಬಾಯಿಗೆ ಸಿಮೆಂಟು, ಕಲ್ಲುಪುಡಿ ತುಂಬಿ ಗಟ್ಟಿಯಾಗಿತ್ತು. ತಾರಸಿಯಲ್ಲಿ ನೀರು ನಿಂತಿತು. ನಿಂತ ನೀರು ಕೆಳಗೆ ಇಳಿಯಿತು. ದೇವರ ಕೋಣೆಯ ಮಾಡು ಒದ್ದೆ, ಗೋಡೆಯೊಳಗಿನ ವಯರು ಸುಟ್ಟು ಅರ್ಧ ಮನೆಗೆ ಕರೆಂಟಿಲ್ಲ.

ಕಂಟ್ರಾಕ್ಟರನ್ನು ಕರೆದರೆ ಅವರು ಹೇಳಿದ್ದು ಇಷ್ಟು: “ಮನೆ ಹಳತು ಅಕ್ಕಾ. ಪಂಚಾಂಗ ಕೂತಿದೆ. ಮಳೆ ನಮ್ಮ ಕೈಯಲ್ಲಿ ಇಲ್ಲ. ಬಾಕಿ 1,50,000 ಕೊಡಿ, ಮತ್ತೆ ಉಳಿದ ಕೆಲಸ ನೋಡುವ.” ಅಷ್ಟರಲ್ಲಿ ಅಕ್ಕ 5,00,000 ಕೊಟ್ಟಾಗಿತ್ತು. ಮದುವೆ ಡಿಸೆಂಬರಿನಲ್ಲಿ.

ಅಕ್ಕ ನಮ್ಮ ಹತ್ತಿರ ಬಂದರು. ಈಗ ನಾವು ನಮ್ಮ ತಪ್ಪಿನಿಂದಲೇ ಶುರು ಮಾಡಬೇಕು.

ಕಂಟ್ರಾಕ್ಟರ್ ಮಲಯಾಳಿ. ಅಗ್ರಿಮೆಂಟ್ ಮಲಯಾಳದಲ್ಲಿ. ಅಕ್ಕನಿಗೆ ಮಲಯಾಳ ಓದಲಿಕ್ಕೆ ಬರುವುದಿಲ್ಲ. ಇಷ್ಟು ಕೇಳಿದ್ದೇ ನಮ್ಮ ರಕ್ತ ಬಿಸಿಯಾಯ್ತು. “ಕನ್ನಡ ಕುಟುಂಬಕ್ಕೆ ಅನ್ಯಾಯ” ಅಂತ ಒಂದು ವೀಡಿಯೋ ಮಾಡುವುದು, ಅವರ ಮನೆ ಮುಂದೆ ಹೋಗಿ ನಿಲ್ಲುವುದು ಅಂತ ನಮ್ಮಲ್ಲಿ ಇಬ್ಬರು ಆಗಲೇ ಹೊರಟಿದ್ದರು. ಅಕ್ಕ ತಡೆದರು. “ಮಕ್ಕಳೇ, ನನಗೆ ಗೋಡೆ ಸರಿಯಾಗಬೇಕು. ನಿಮ್ಮ ವೀಡಿಯೋ ಓಡಿದ್ರೆ ಅವರು ಮತ್ತೆ ನನ್ನ ಅಂಗಳಕ್ಕೆ ಕಾಲಿಡ್ತಾರಾ?” ಅಂತ ಕೇಳಿದರು. ಉತ್ತರ ನಮ್ಮ ಹತ್ತಿರ ಇರಲಿಲ್ಲ.

ನಿಜ ಹೇಳಬೇಕೆಂದರೆ ಅಕ್ಕನಿಗೂ ಕಂಟ್ರಾಕ್ಟರಿಗೂ ಮಾತಿನಲ್ಲಿ ತೊಂದರೆಯೇ ಇರಲಿಲ್ಲ. ಇಬ್ಬರೂ ತುಳುವಿನಲ್ಲಿ ಮಾತಾಡ್ತಾರೆ. ನಮ್ಮ ಕಡೆ ಅದು ಹಾಗೆಯೇ. ಗೋಡೆ ಒಡೆದ ಕೆಲಸದವರು ಯಾರು ಅಂತ ವಿಚಾರಿಸಿದರೆ, ಅವರು ಗದಗದ ಕಡೆಯ ಹುಡುಗರು, ಅಪ್ಪಟ ಕನ್ನಡದವರು. ಅಂದ ಮೇಲೆ ಭಾಷೆ ಭಾಷೆಯ ಜಗಳ ಇಲ್ಲಿ ಎಲ್ಲಿಂದ ಬಂತು? ಜಗಳ ಇದ್ದದ್ದು ಒಂದು ಮಷೀನು, ಒಂದು ಗೋಡೆ, ಒಂದು ಅವಸರದ ನಡುವೆ. ಭಾಷೆಯ ಪ್ರಶ್ನೆ ಇದ್ದದ್ದು ಒಂದೇ ಜಾಗದಲ್ಲಿ, ಅಗ್ರಿಮೆಂಟಿನಲ್ಲಿ. ಓದದೆ ಸಹಿ ಹಾಕಿದ್ದರಲ್ಲಿ.

ಅದನ್ನು ಮೊದಲು ಓದುವ ಅಂತ ಕೂತೆವು. ನಮ್ಮ ಬಳಗದಲ್ಲಿ ಮಲಯಾಳ ಚೆನ್ನಾಗಿ ಓದುವ ಒಬ್ಬ ತಂಗಿ ಇದ್ದಾಳೆ. ಅವಳು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು, ನಾವು ಬರೆದುಕೊಂಡೆವು. ಐದನೆಯ ಸಾಲಿನಲ್ಲಿ ಹೀಗಿತ್ತು: ಹಳೆ ಕಟ್ಟಡದಲ್ಲಿ ಮೊದಲೇ ಇರುವ ಬಿರುಕು, ಸೋರಿಕೆಗೆ ಕಂಟ್ರಾಕ್ಟರ್ ಹೊಣೆಯಲ್ಲ. ಅಕ್ಕನ ಮುಖ ಸಣ್ಣದಾಯ್ತು. “ಆಯ್ತಲ್ಲ, ಮುಗೀತು” ಅಂದರು. ತಂಗಿ ಓದು ನಿಲ್ಲಿಸಲಿಲ್ಲ. ಏಳನೆಯ ಸಾಲು: ಕೆಲಸದ ವೇಳೆ ಈಗಿರುವ ಕಟ್ಟಡಕ್ಕೆ ಹಾನಿಯಾದರೆ ಕಂಟ್ರಾಕ್ಟರ್ ಸ್ವಂತ ಖರ್ಚಿನಲ್ಲಿ ಸರಿಪಡಿಸಿ ಕೊಡಬೇಕು.

ನಾಲ್ಕು ತಿಂಗಳಿಂದ ಆ ಕಾಗದ ಅಕ್ಕನ ಕಪಾಟಿನಲ್ಲಿ ಇತ್ತು. ಓದಲು ಬಾರದ ಕಾಗದ ಅಂದ್ರೆ ಅದು ನಮಗೆ ವಿರುದ್ಧವೇ ಇರಬೇಕು ಅಂತ ನಾವೆಲ್ಲ ನಂಬಿದ್ದೆವು. ವಿರುದ್ಧವಾದದ್ದೂ ಇತ್ತು, ಪರವಾದದ್ದೂ ಇತ್ತು. ಎರಡೂ ನಮಗೆ ಗೊತ್ತಿರಲಿಲ್ಲ.

ಇನ್ನು ಪ್ರಶ್ನೆ ಒಂದೇ ಉಳಿಯಿತು. ಬಿರುಕು ಹಳೆಯದಾ, ಹೊಸದಾ? ಐದನೆಯ ಸಾಲಿಗೆ ಸೇರಿದ್ದಾ, ಏಳನೆಯ ಸಾಲಿಗೆ ಸೇರಿದ್ದಾ? ಕೂಗಾಡಿ ಇತ್ಯರ್ಥ ಮಾಡುವ ಪ್ರಶ್ನೆ ಅಲ್ಲ ಇದು. ಇದಕ್ಕೆ ಸಾಕ್ಷಿ ಬೇಕು.

ಸಾಕ್ಷಿ ಸಿಕ್ಕಿದ್ದು ಒಂದು ಹುಟ್ಟುಹಬ್ಬದ ಫೋಟೋದಲ್ಲಿ. ಜನವರಿಯಲ್ಲಿ ಅಣ್ಣನ ಮಗುವಿನ ಹುಟ್ಟುಹಬ್ಬ ಅಡುಗೆಮನೆಯಲ್ಲೇ ಆಗಿತ್ತು. ಮಗುವಿನ ಹಿಂದೆ ಕಿಟಕಿ, ಕಿಟಕಿಯ ಮೂಲೆ, ಗೋಡೆ ಸರಿಯಾಗಿಯೇ ಇತ್ತು. ತಾರೀಕು ಫೋನಿನಲ್ಲೇ ಇತ್ತು. ಅದೃಷ್ಟದಿಂದ ಸಿಕ್ಕಿತು ಅಷ್ಟೆ. ನೀವು ಅದೃಷ್ಟ ನಂಬಬೇಡಿ. ಮನೆಗೆ ಮೇಸ್ತ್ರಿ ಕಾಲಿಡುವ ಮೊದಲು ಎಲ್ಲ ಕೋಣೆಯ ನಾಲ್ಕು ಗೋಡೆ, ಮಾಡು, ನೆಲ, ತಾರಸಿ, ಕಂಪೌಂಡು ಫೋಟೋ ತೆಗೆದಿಟ್ಟುಕೊಳ್ಳಿ. ಹತ್ತು ನಿಮಿಷದ ಕೆಲಸ. ಮೂಲ ಫೋಟೋ ಫೋನಿನಿಂದ ಅಳಿಸಬೇಡಿ. ವಾಟ್ಸಾಪಿನಲ್ಲಿ ಸುತ್ತಿ ಬಂದ ಫೋಟೋದಲ್ಲಿ ತೆಗೆದ ತಾರೀಕಿನ ವಿವರ ಉಳಿಯುವುದಿಲ್ಲ.

ಆಮೇಲೆ ನಾವು ಒಬ್ಬ ನಿವೃತ್ತ ಎಂಜಿನಿಯರನ್ನು ಕರೆದುಕೊಂಡು ಬಂದೆವು. ಅದಕ್ಕಿಂತ ಮೊದಲು ಒಂದು ಲೆಕ್ಕ ನಾವೇ ಹಾಕಿದ್ದೆವು. ಅಡುಗೆಮನೆ ಗೋಡೆ, ದೇವರ ಕೋಣೆ, ವಯರಿಂಗು, ಹಾಲಿನ ಸಾರಣೆ, ಇಡೀ ಮನೆಗೆ ಬಣ್ಣ, ಅದರ ಮೇಲೆ ಮನಸ್ಸಿಗಾದ ನೋವು. ಒಟ್ಟು 3,25,000. ಆ ಕಾಗದ ಇನ್ನೂ ನಮ್ಮ ಹತ್ತಿರ ಇದೆ. ನೋಡಿದರೆ ಈಗ ನಾಚಿಕೆಯಾಗುತ್ತದೆ.

ಎಂಜಿನಿಯರ್ ಮನೆ ಪೂರ್ತಿ ನೋಡಿದರು, ತಾರಸಿ ಹತ್ತಿದರು, ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದರು. ಬಿರುಕಿಗೆ ಅಡ್ಡವಾಗಿ ಗಾಜಿನ ಸಣ್ಣ ಪಟ್ಟಿ ಅಂಟಿಸಿದರು. ಬಿರುಕು ಬೆಳೀತಾ ಇದ್ದರೆ ಗಾಜು ಒಡೆಯುತ್ತದೆ, ನಿಂತಿದ್ದರೆ ಹಾಗೇ ಇರುತ್ತದೆ ಅಂದರು. ಮೂರು ವಾರ ಬಿಟ್ಟು ಬಂದು ನೋಡಿದರು. ಗಾಜು ಒಡೆದಿರಲಿಲ್ಲ. ಅಂದ್ರೆ ಪಂಚಾಂಗ ಕುಸಿಯುತ್ತಾ ಇಲ್ಲ, ಒಂದು ಸಲ ಬಿದ್ದ ಪೆಟ್ಟಿನಿಂದ ಆದದ್ದು, ಗೋಡೆ ಕೆಡವದೆ ಸರಿ ಮಾಡಬಹುದು. ಇಷ್ಟು ಅಕ್ಕನ ಪರವಾಗಿ ಬಂತು.

ಆದ್ರೆ ಅವರು ಇನ್ನೊಂದು ಮಾತು ಹೇಳಿದರು. ಹಾಲಿನ ಗೋಡೆಯ ಕೂದಲೆಳೆಯ ಹಾಗಿನ ಬಿರುಕುಗಳು ಬರೀ ಸಾರಣೆಯದ್ದು, ತುಂಬ ಹಳತು. ಅವಕ್ಕೂ ಮಷೀನಿಗೂ ಸಂಬಂಧ ಇಲ್ಲ. ಅದನ್ನು ಕಂಟ್ರಾಕ್ಟರ್ ತಲೆಗೆ ಕಟ್ಟಬೇಡಿ. ಅವರ ಲೆಕ್ಕದಲ್ಲಿ ಒಟ್ಟು ರಿಪೇರಿ 92,000. ಅದರಲ್ಲಿ 17,000 ಅಕ್ಕನದ್ದೇ. ಕಂಟ್ರಾಕ್ಟರ್ ಪಾಲು 75,000.

ನಮ್ಮಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಹೆಚ್ಚು ಕೇಳಿದರೆ ತಾನೇ ಚೌಕಾಸಿಗೆ ಜಾಗ ಅಂತ ವಾದ ಮಾಡಿದರು. ಆದರೆ ಒಂದು ಸುಳ್ಳು ಬಾಬತ್ತು ಸೇರಿಸಿದರೆ ಎದುರಿನವರು ಅದೊಂದನ್ನೇ ಹಿಡಿದುಕೊಂಡು ಉಳಿದ ಎಲ್ಲದಕ್ಕೂ ಇಲ್ಲ ಅಂತಾರೆ. ಕೊನೆಗೆ 75,000ದ ಲೆಕ್ಕವನ್ನೇ ಇಟ್ಟೆವು. ಆಮೇಲಿನ ಮಾತುಕತೆಯಲ್ಲಿ ಕಂಟ್ರಾಕ್ಟರ್ ಮೆತ್ತಗಾದದ್ದು ಹಾಲಿನ ಬಿರುಕು ನಮ್ಮದೇ ಅಂತ ನಾವು ಮೊದಲು ಒಪ್ಪಿಕೊಂಡಾಗ.

ಇಲ್ಲಿ ಗದಗದ ಹುಡುಗರ ವಿಷಯ ಹೇಳಬೇಕು. ನಾವು ಅವರನ್ನು ಬಾಡಿಗೆ ಕೋಣೆಯಲ್ಲಿ ಹೋಗಿ ಕಂಡೆವು. ಒಬ್ಬ ಹೇಳಿದ: “ಮಷೀನ್ ಹಚ್ಚಿದಾಗ ಗೋಡಿ ಅದರತಿತ್ರಿ. ಕೈಲೆ ಒಡಿಯೂನು ಅಂತ ನಾವು ಹೇಳಿದ್ವಿ. ಟೈಮ್ ಇಲ್ಲ, ಮಳಿ ಬರ್ತೈತಿ ಅಂದ್ರು.” ಇದನ್ನು ಬರೆದು ಸಹಿ ಹಾಕಿಕೊಡ್ತೀಯಾ ಅಂತ ಕೇಳಿದೆವು. ಅವನು ಸುಮ್ಮನಾದ. ಮೂರು ವಾರದ ಪಗಾರ ಕಂಟ್ರಾಕ್ಟರ್ ಹತ್ತಿರ ಬಾಕಿ ಇತ್ತು. “ನಮ್ಮ ಹೆಸರು ತರಬ್ಯಾಡ್ರಿ ಅಣ್ಣಾ” ಅಂದ. ಬರೆಸಿಕೊಳ್ಳಲಿಲ್ಲ. ನಮ್ಮಲ್ಲಿ ಒಬ್ಬರು ಈಗಲೂ ಅದು ತಪ್ಪು, ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇರಲಿಲ್ಲ ಅಂತಾರೆ. ಇರಬಹುದು. ಆದರೆ ಅಕ್ಕನ ಗೋಡೆಗೋಸ್ಕರ ಆ ಹುಡುಗನ ಪಗಾರ ಕಳೆಯುವುದು ನಮ್ಮಿಂದ ಆಗಲಿಲ್ಲ. ಫೋಟೋ, ಎಂಜಿನಿಯರ ವರದಿ ಎರಡರಲ್ಲೇ ಮುಂದೆ ಹೋದೆವು.

ಮುಂದಿನ ಹೆಜ್ಜೆ ಪತ್ರ. ಫೋನಿನಲ್ಲಿ ಆಡಿದ ಮಾತಿಗೆ ಆಧಾರ ಇಲ್ಲ, ಸಿಟ್ಟಿನಲ್ಲಿ ಆಡಿದ್ದಕ್ಕಂತೂ ಬೆಲೆಯೇ ಇಲ್ಲ. ಒಂದು ಪುಟದ ಪತ್ರ ಬರೆದೆವು. ಎಡಗಡೆ ಕನ್ನಡ, ಬಲಗಡೆ ಮಲಯಾಳ. ಅದರಲ್ಲಿ ಇದ್ದದ್ದು: ಕರಾರಿನ ತಾರೀಕು, ಕೊಟ್ಟ ಹಣ, ಹಾನಿಯ ಪಟ್ಟಿ, ಏಳನೆಯ ಸಾಲಿನ ನೆನಪು, ಎಂಜಿನಿಯರ ಲೆಕ್ಕ, ಹದಿನೈದು ದಿನದ ಗಡುವು. ಕೊನೆಯ ಸಾಲು ಬಹಳ ಮುಖ್ಯ: “ಬಾಕಿ 1,50,000 ಕೊಡುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಹಾನಿ ಸರಿಪಡಿಸಿದ ಹಾಗೆ ಕೊಡುತ್ತೇವೆ.” ಬೈಗುಳ ಇಲ್ಲ, ಬೆದರಿಕೆ ಇಲ್ಲ. ಇಂಥ ಪತ್ರ ಕಳಿಸುವಾಗ ತಲುಪಿದ್ದಕ್ಕೆ ರುಜು ಸಿಗುವ ಹಾಗೆ ಕಳಿಸಿ. ರಿಜಿಸ್ಟರ್ಡ್ ಪೋಸ್ಟನ್ನು ಈಗ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ, ಅಂಚೆ ಕಚೇರಿಯಲ್ಲಿ ಕೇಳಿ ಮಾಡಿಸಿ. ರಸೀದಿ ಜೋಪಾನ.

ಪತ್ರ ಹೋಗುವ ಹೊತ್ತಿಗೆ ಆಟಿ ತಿಂಗಳು. ಸುರಿಯುವ ಮಳೆ. ಸುಮ್ಮನೆ ಕೂತು ಹಾನಿ ಹೆಚ್ಚಾಗಲಿಕ್ಕೆ ಬಿಡಬಾರದು. ಅಕ್ಕ ಪೈಪಿನ ಬಾಯಿ ಬಿಡಿಸಿ, ತಾರಸಿಗೆ ಟಾರ್ಪಾಲು ಹೊದಿಸಿ, ಸುಟ್ಟ ಲೈನಿನ ಕರೆಂಟು ತೆಗೆಸಿದರು. ಬಿಡಿಸುವ ಮೊದಲು, ಬಿಡಿಸಿದ ಮೇಲೆ ಫೋಟೋ, ಖರ್ಚಿಗೆ ಬಿಲ್ಲು. ಇದು ಬರೀ ಜಾಣತನ ಅಲ್ಲ, ಕಾನೂನೂ ಇದನ್ನು ನೋಡುತ್ತದೆ. 1872ರ ಕರಾರು ಕಾಯ್ದೆಯ 73ನೆಯ ಕಲಂ ಕರಾರು ಮುರಿದದ್ದರಿಂದ ಆದ ನಷ್ಟಕ್ಕೆ ಪರಿಹಾರ ಕೊಡಿಸುತ್ತದೆ. ಆದರೆ ನಷ್ಟ ಎಷ್ಟು ಅಂತ ಲೆಕ್ಕ ಹಾಕುವಾಗ, ಅದನ್ನು ತಡೆಯುವ ದಾರಿ ನಮ್ಮ ಕೈಯಲ್ಲಿ ಎಷ್ಟಿತ್ತು ಅನ್ನುವುದನ್ನೂ ನೋಡಬೇಕು ಅನ್ನುತ್ತದೆ.

ಹನ್ನೆರಡನೆಯ ದಿನ ಕಂಟ್ರಾಕ್ಟರ್ ಬಂದರು. ಎರಡೂ ಕಡೆಯವರು ಮರ್ಯಾದೆ ಕೊಡುವ ಒಬ್ಬ ನಿವೃತ್ತ ಮೇಷ್ಟ್ರನ್ನು ಕೂರಿಸಿಕೊಂಡು ಮಾತಾಡಿದೆವು. ಮಾತಾಡಿದ್ದು ಅಡುಗೆಮನೆಯಲ್ಲಿ, ಬಿರುಕಿನ ಎದುರಿಗೇ. ಮೊದಲು ಅವರು ಐದನೆಯ ಸಾಲು ಹೇಳಿದರು. ನಾವು ಏಳನೆಯ ಸಾಲು ಓದಿದೆವು, ಮಲಯಾಳದಲ್ಲೇ. ಹುಟ್ಟುಹಬ್ಬದ ಫೋಟೋ ತೋರಿಸಿದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು ತಮ್ಮ ಕಷ್ಟ ಹೇಳಿಕೊಂಡರು. ಸಿಮೆಂಟು ಅಂಗಡಿಯ ಸಾಲ, ಇನ್ನೆರಡು ಮನೆಯವರು ಹಣ ನಿಲ್ಲಿಸಿದ್ದು. ಸುಳ್ಳು ಅಂತ ನಮಗೆ ಅನ್ನಿಸಲಿಲ್ಲ. 75,000 ನಗದು ಅವರ ಹತ್ತಿರ ನಿಜವಾಗಿಯೂ ಇರಲಿಲ್ಲ.

ಮೇಷ್ಟ್ರು ಒಂದು ದಾರಿ ಹೇಳಿದರು. ಹಣ ಬೇಡ, ಕೆಲಸ ಮಾಡಿಕೊಡಿ. ಮಾಡಿದ ಹಾಗೆ ಬಾಕಿ ತೆಗೆದುಕೊಳ್ಳಿ. ಹಾಗೆ ರಾಜಿ ಆಯ್ತು. ಬಾಕಿ 1,50,000ವನ್ನು ಮೂರು ಪಾಲು ಮಾಡಿದೆವು. ಅಡುಗೆಮನೆ ಗೋಡೆ, ಸನ್‌ಶೇಡು ಸರಿಯಾದ ದಿನ 50,000. ಮಳೆ ಬಿಟ್ಟ ಮೇಲೆ ತಾರಸಿ ಕೆಲಸ ಆಗಿ ನೀರಿನ ಪರೀಕ್ಷೆ ಪಾಸಾದ ದಿನ 50,000. ಕೊನೆಯ 50,000 ಮುಂದಿನ ಆಟಿ ಕಳೆದ ಮೇಲೆ. ನೀರಿನ ಪರೀಕ್ಷೆ ಅಂದ್ರೆ ದೊಡ್ಡ ವಿದ್ಯೆ ಏನಲ್ಲ. ತಾರಸಿಯ ಪೈಪಿನ ಬಾಯಿ ಮುಚ್ಚಿ, ಒಂದೆರಡು ಅಂಗುಲ ನೀರು ನಿಲ್ಲಿಸಿ, 24ರಿಂದ 48 ಗಂಟೆ ಬಿಟ್ಟು, ಕೆಳಗಿನ ಮಾಡಿನಲ್ಲಿ ಒದ್ದೆ ಬರುತ್ತದಾ ಅಂತ ನೋಡುವುದು.

ರಾಜಿಪತ್ರವನ್ನು ಎರಡೂ ಭಾಷೆಯಲ್ಲಿ ಬರೆದೆವು. ಸಹಿಗೆ ಮುಂಚೆ ಪ್ರತಿ ಸಾಲನ್ನು ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಿಸಿದೆವು. ಓದುವಾಗ ಕಂಟ್ರಾಕ್ಟರೇ ಒಂದು ಕಡೆ ತಡೆದರು, ಮಳೆ ಬಿಟ್ಟ ಮೇಲೆ ಅಂದ್ರೆ ಯಾವಾಗ, ತಾರೀಕು ಹಾಕಿ ಅಂತ. ಅವರು ಹೇಳಿದ್ದು ಸರಿ ಇತ್ತು. ಅಕ್ಟೋಬರ್ 31ರ ಒಳಗೆ ಅಂತ ಬರೆದೆವು.

ಎಲ್ಲವೂ ಬರೆದ ಹಾಗೆ ಆಯ್ತಾ? ಇಲ್ಲ. ತಾರಸಿ ಕೆಲಸ ಮೂರು ವಾರ ತಡವಾಯ್ತು. ಮೊದಲ ನೀರಿನ ಪರೀಕ್ಷೆಯಲ್ಲಿ ಒಂದು ಮೂಲೆ ಒದ್ದೆ ಬಂತು, ಮತ್ತೆ ಮಾಡಿಸಬೇಕಾಯ್ತು. ವಯರಿಂಗಿನ ಖರ್ಚು ಯಾರದ್ದು ಅನ್ನುವುದು ಕೊನೆಗೂ ಬಗೆಹರಿಯಲಿಲ್ಲ, ಅಕ್ಕನೇ ಹಾಕಿದರು. ಮದುವೆಯ ದಿನ ಅಡುಗೆಮನೆ ಗೋಡೆ ಗಟ್ಟಿ ಇತ್ತು, ಬಣ್ಣ ಇರಲಿಲ್ಲ. ಮರುವರ್ಷ ಆಟಿ ಕಳೆಯಿತು. ಮಾಡಿನಲ್ಲಿ ಒದ್ದೆ ಇಲ್ಲ. ಕೊನೆಯ 50,000 ಕೊಟ್ಟು ಎರಡು ಭಾಷೆಯ ರಸೀದಿ ಮಾಡಿಸಿದೆವು. ಈಗಲೂ ದಾರಿಯಲ್ಲಿ ಸಿಕ್ಕಿದರೆ ಇಬ್ಬರೂ ಮಾತಾಡ್ತಾರೆ.

ಈಗ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರುತ್ತದೆ. ಕಂಟ್ರಾಕ್ಟರ್ ಬರದೇ ಇದ್ದಿದ್ರೆ? ಪತ್ರ ಹರಿದು ಬಿಸಾಡಿದ್ದಿದ್ರೆ? ಆಗಲೂ ದಾರಿ ಇದೆ. ಮಾತುಕತೆಗೆ ಕೂರುವಾಗ ಆ ದಾರಿ ನಿಮಗೆ ಗೊತ್ತಿದ್ದರೆ ಮಾತಿಗೆ ತೂಕ ಬರುತ್ತದೆ.

ಒಂದು, ಗ್ರಾಹಕ ಆಯೋಗ. ಮನೆ ಕಟ್ಟಿಕೊಡುವುದು ಗ್ರಾಹಕ ಕಾನೂನಿನಡಿ ಒಂದು ಸೇವೆ ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ಈಗಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಅದು ಸೇರಿದೆ. ನೀವು ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ದೂರು ಜಿಲ್ಲಾ ಆಯೋಗಕ್ಕೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಹಾನಿಯಾದ ಎರಡು ವರ್ಷದೊಳಗೆ ದೂರು ಕೊಡಬೇಕು, ಇದನ್ನು ಮರೆಯಬೇಡಿ. ಕಂಟ್ರಾಕ್ಟರ್ ಬೇರೆ ಜಿಲ್ಲೆಯವರು, ಗಡಿಯಾಚೆಯವರು ಅಂತ ಹೆದರಬೇಡಿ. ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಇದು ಗಡಿಯವರಿಗೆ ದೊಡ್ಡ ಅನುಕೂಲ. ವಕೀಲರು ಇರಲೇಬೇಕು ಅಂತಿಲ್ಲ. ರಾಜಿಯಾಗುವ ಹಾಗೆ ಕಂಡರೆ ಆಯೋಗವೇ ಎರಡೂ ಕಡೆಯವರ ಒಪ್ಪಿಗೆ ಪಡೆದು ಮಧ್ಯಸ್ಥಿಕೆಗೆ ಕಳಿಸುತ್ತದೆ. ಅದಕ್ಕೂ ಮೊದಲು 1915 ಅಂತ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಎರಡು, ಕಾನೂನು ಸೇವೆಗಳ ಪ್ರಾಧಿಕಾರ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100. ಅವರು ನಡೆಸುವ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಆ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ.

ಒಂದು ವ್ಯತ್ಯಾಸ ಗಮನಿಸಿ. ಇದೆಲ್ಲ ನೀವು ಹಣ ಕೊಟ್ಟು ಮಾಡಿಸಿದ ಕೆಲಸಕ್ಕೆ. ರಸ್ತೆ ಅಗಲ ಮಾಡುವವರು, ನೀರಿನ ಪೈಪು ಹಾಕುವವರು ನಿಮ್ಮ ಕಂಪೌಂಡು ಬೀಳಿಸಿದರೆ ನೀವು ಅವರ ಗ್ರಾಹಕರಲ್ಲ. ಅಲ್ಲಿ ಕೆಲಸ ಕೊಟ್ಟ ಇಲಾಖೆಗೆ ಲಿಖಿತ ದೂರು ಕೊಡಬೇಕು. ಜಿಲ್ಲಾಧಿಕಾರಿಗೆ ಒಂದು ಪ್ರತಿ, ಹಾಕಿದ್ದಕ್ಕೆ ಸ್ವೀಕೃತಿ.

ಆ ದೂರನ್ನು ನೀವು ಕನ್ನಡದಲ್ಲೇ ಕೊಡಬಹುದು. ಸಂವಿಧಾನದ 350ನೆಯ ವಿಧಿ ಏನು ಹೇಳುತ್ತದೆ ಅಂದ್ರೆ, ಕುಂದುಕೊರತೆ ನಿವಾರಣೆಗೆ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕೇರಳದಲ್ಲಿ 1969ರ ಅಧಿಕೃತ ಭಾಷಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆಯ ಸರಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅನ್ನುತ್ತದೆ. ಆದರೆ ತಿಳಿದುಕೊಳ್ಳಿ, ಇದು ಸರಕಾರಕ್ಕೆ ಬರೆಯುವ ಹಕ್ಕು. ಖಾಸಗಿ ಕಂಟ್ರಾಕ್ಟರ್ ಕನ್ನಡದಲ್ಲೇ ಅಗ್ರಿಮೆಂಟ್ ಮಾಡಬೇಕು ಅಂತ 350ನೆಯ ವಿಧಿ ಹೇಳುವುದಿಲ್ಲ. ಅದನ್ನು ನಾವೇ ಕೇಳಿ ಪಡೆಯಬೇಕು. ಸಹಿ ಹಾಕುವ ಮುಂಚೆ “ನನಗೆ ಇದರ ಕನ್ನಡ ಬೇಕು, ಓದಿ ನಾಳೆ ಸಹಿ ಹಾಕ್ತೇನೆ” ಅನ್ನಲಿಕ್ಕೆ ಯಾವ ಕಾಯ್ದೆಯೂ ಬೇಡ. ಬಾಯಿ ಸಾಕು.

ಅಕ್ಕಲಕೋಟೆಯವರಿಗೆ ಮರಾಠಿ ಕಾಗದ, ಹೊಸೂರಿನವರಿಗೆ ತಮಿಳು ಕಾಗದ, ಕಥೆ ಒಂದೇ. ಆದೋನಿ, ಮಡಕಶಿರಾದವರು ಇನ್ನೂ ಹುಷಾರಾಗಿರಬೇಕು. ತೆಲುಗು ಅಕ್ಷರ ನಮ್ಮದಕ್ಕೆ ಹತ್ತಿರ, ಅರ್ಧ ಓದಲಿಕ್ಕೆ ಬರುತ್ತದೆ. ಅರ್ಧ ಓದಿದವರು ಪೂರ್ತಿ ಅರ್ಥವಾಯ್ತು ಅಂದುಕೊಂಡು ಸಹಿ ಹಾಕಿಬಿಡ್ತಾರೆ.

ಹಾಗಾಗಿ ನಿಮ್ಮ ಹತ್ತಿರ ನಮ್ಮದೊಂದು ಕೋರಿಕೆ. ಪ್ರತಿ ಊರಿನಲ್ಲಿ ಇಬ್ಬರಾದರೂ ರಾಜ್ಯಭಾಷೆಯನ್ನು ಚೆನ್ನಾಗಿ ಓದಲು, ಬರೆಯಲು ಕಲಿಯಿರಿ. ಇದರಿಂದ ಕನ್ನಡಕ್ಕೆ ಕುಂದಿಲ್ಲ. ನಮ್ಮ ಅಕ್ಕನ ಕೆಲಸ ಆದದ್ದು ಮಲಯಾಳ ಓದುವ ಕನ್ನಡದ ತಂಗಿ ಒಬ್ಬಳು ಇದ್ದಳು ಅನ್ನುವ ಕಾರಣಕ್ಕೆ. ಊರಿನಲ್ಲಿ ಯಾರಾದರೂ ಮನೆ ಕೆಲಸಕ್ಕೆ ಕೈ ಹಾಕ್ತಾರೆ ಅಂತ ಗೊತ್ತಾದರೆ ನೀವೇ ಹೋಗಿ. “ದೊಡ್ಡಮ್ಮ, ಆ ಕಾಗದ ಒಂದ್ಸಲ ತೋರಿಸಿ, ಓದಿ ಹೇಳ್ತೇನೆ” ಅನ್ನಿ. ನಾಲ್ಕು ವಿಷಯ ಅದರಲ್ಲಿ ಇದೆಯಾ ನೋಡಿ: ಹಣ ಯಾವ ಹಂತಕ್ಕೆ ಎಷ್ಟು, ಕೆಲಸ ಮುಗಿಯುವ ತಾರೀಕು, ಹಳೆ ಮನೆಗೆ ಹಾನಿಯಾದರೆ ಯಾರ ಖರ್ಚು, ಕೊನೆಯ ಕಂತು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದಾ. ಆಮೇಲೆ ಫೋನು ತೆಗೆದು ನಾಲ್ಕು ಗೋಡೆಯ ಫೋಟೋ ಹೊಡೆಯಿರಿ.

ಅಕ್ಕ ಇವತ್ತಿನ ಸಭೆಗೆ ಬರುವವರಿದ್ದರು. ಮಗಳು ಹೆರಿಗೆಗೆ ಬಂದಿದ್ದಾಳೆ, ಅದಕ್ಕೆ ಬರಲಿಕ್ಕಾಗಲಿಲ್ಲ. ಮೇಲಿನ ಕೋಣೆ ಈಗ ಉಪಯೋಗಕ್ಕೆ ಬಂತು ಅಂತ ಹೇಳಿ ಕಳಿಸಿದ್ದಾರೆ.

ಪ್ರಶ್ನೆ ಇದ್ದರೆ ಕೇಳಿ, ಅಗ್ರಿಮೆಂಟ್ ತಂದವರು ಊಟದ ಮೇಲೆ ಇಲ್ಲೇ ಇರಿ. ಒಟ್ಟಿಗೆ ಕೂತು ಓದುವ.